ಬೇನೆ ಮತ್ತು ನಂಬಿಕೆ: ಗುಳೇದಗುಡ್ಡ ಪರಿಸರದ ಮಿಶನರಿ ಕಥನಗಳನ್ನು ಓದುವ ಬಗೆ

1

ಕನ್ನಡದಲ್ಲಿ ಮಿಶನರಿಗಳನ್ನು ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ ಮತ್ತು ಪತ್ರಿಕೆ ಎಂಬ ನಾಲ್ಕು ವಿಷಯಗಳ ಸುತ್ತ ಬೆಳೆದಿವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಹತ್ತೊಂಬತ್ತನೆಯ ಶತಮಾನದ ಈ ಸಾಮಗ್ರಿಯನ್ನು ವಿದ್ವತ್ ಲೋಕದ ಕಣ್ಣಮುಂದೆ ತಂದಿಟ್ಟ ಮೇಲೆ ಮೋಗ್ಲಿಂಗ್, ವೈಗಲ್, ಕಿಟೆಲ್ ಮೊದಲಾದವರ ಸಾಹಿತ್ಯಸೇವೆಯನ್ನು ಮತ್ತೆ ಪರಿಚಯಿಸುವ ಅಗತ್ಯ ಉಳಿದಿಲ್ಲ. ಆದರೆ ಈ ಸೇವೆಯನ್ನು ಸಲ್ಲಿಸಿದವರಿಗೆ ಒಂದು ದೇಹವಿತ್ತು, ಆ ದೇಹ ಕನ್ನಡ ನಾಡಿನ ಬಿಸಿಲಿನಲ್ಲಿ ಪದೇ ಪದೇ ಜ್ವರಕ್ಕೆ ಬಿದ್ದು ಸೊರಗಿತ್ತು, ಆ ಸೊರಗುವಿಕೆಯೊಳಗೇ ಅವರ ನಂಬಿಕೆ ಪರೀಕ್ಷೆಗೆ ಒಳಗಾಗಿತ್ತು ಎಂಬ ಸಂಗತಿ ಅವರ ಜೀವನಚರಿತ್ರೆಯ ಕೊನೆಯ ಸಾಲಾಗಿ ಮಾತ್ರ ಬರುತ್ತದೆ. 'ಅನಾರೋಗ್ಯದ ನಿಮಿತ್ತ ಸ್ವದೇಶಕ್ಕೆ ಮರಳಿದರು' ಎಂಬ ಒಕ್ಕಣೆಯಲ್ಲಿ ಒಂದು ಬಾಳಿನ ದೊಡ್ಡ ಪ್ರಶ್ನೆಯೇ ಅಡಗಿಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಮೌನವಿದೆ. ಅದೇ ಕಾಲದಲ್ಲಿ, ಅದೇ ಊರುಗಳಲ್ಲಿ, ಅವೇ ರೋಗಗಳಿಗೆ ತುತ್ತಾದ ಸ್ಥಳೀಯರ ನಂಬಿಕೆಯ ಕಥೆಯನ್ನು ಬೇರೆಯೇ ಅಳತೆಗೋಲಿನಿಂದ ಅಳೆಯುತ್ತ ಬರಲಾಗಿದೆ. ಜರ್ಮನ್ ಮಿಶನರಿಯ ಜ್ವರ ಅವನನ್ನು ದೇವರ ಹತ್ತಿರಕ್ಕೆ ಒಯ್ದಿತೆಂದರೆ ಅದು 'ಆಧ್ಯಾತ್ಮಿಕ ಅನುಭವ'. ಗುಳೇದಗುಡ್ಡದ ನೇಕಾರನ ಜ್ವರ ಅವನನ್ನು ಅದೇ ದೇವರ ಹತ್ತಿರಕ್ಕೆ ಒಯ್ದಿತೆಂದರೆ ಅದು 'ಆಮಿಷ'. ಈ ಎರಡು ತೀರ್ಪುಗಳ ನಡುವಿನ ಅಂತರ ಸಂಶೋಧನೆಯಿಂದ ಹುಟ್ಟಿದ್ದಲ್ಲ, ಪೂರ್ವಗ್ರಹದಿಂದ ಹುಟ್ಟಿದ್ದು. ಬೇನೆಯ ಹಾಸಿಗೆಯಲ್ಲಿ ಮೂಡಿದ ನಂಬಿಕೆಯನ್ನು ಅದು ಯಾರದಾದರೂ ಒಂದೇ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಇಲ್ಲಿ ಮಂಡಿಸಲಾಗುತ್ತಿರುವ ವಿಚಾರ.

2

ಬಾಸೆಲ್ ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ. ಅದಕ್ಕೆ ಸೇರಿದವರಲ್ಲಿ ಬಹುಪಾಲು ಜನ ನೆರೆಯ ಜರ್ಮನ್ ಪ್ರಾಂತವಾದ ವುರ್ಟೆಂಬರ್ಗಿನವರು. ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಮೇಲೆ 1834ರಲ್ಲಿ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. ಕರಾವಳಿಯಿಂದ ಘಟ್ಟ ಹತ್ತಿ ಒಳನಾಡಿಗೆ ಕಾಲಿಟ್ಟ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, ಬಳಿಕ ಬೆಟಗೇರಿಯಲ್ಲಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆಗಳನ್ನು ಸ್ಥಾಪಿಸಿತು. ಗುಳೇದಗುಡ್ಡ ಅಂದು ಬಾದಾಮಿ ತಾಲ್ಲೂಕಿನ ಊರು. ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಕುಪ್ಪಸದ ಖಣಕ್ಕೆ ಹೆಸರಾದ ಈ ಊರು, ಸೀರೆಗೆ ಹೆಸರಾದ ಇಳಕಲ್ಲು, ವ್ಯಾಪಾರದ ಬಾಗಲಕೋಟೆ, ಕೂಡಲಸಂಗಮವನ್ನು ಒಳಗೊಂಡ ಹುನಗುಂದ ಸೀಮೆ, ಬನಶಂಕರಿಯ ಬಾದಾಮಿ ಇವೆಲ್ಲ ಮಗ್ಗ, ಸಂತೆ, ಜಾತ್ರೆಗಳಿಂದ ಒಂದಕ್ಕೊಂದು ಹೆಣೆದುಕೊಂಡ ಪರಿಸರ.

ಈ ಮಿಶನರಿಗಳು ಬೆಳೆದುಬಂದ ಪಯಟಿಸ್ಟ್ ಪಂಥದಲ್ಲಿ, ಎಂದರೆ ವೈಯಕ್ತಿಕ ಭಕ್ತಿಗೆ ಪ್ರಾಧಾನ್ಯ ಕೊಡುವ ಪ್ರಾಟೆಸ್ಟಂಟ್ ಧಾರೆಯಲ್ಲಿ, ರೋಗಕ್ಕೆ ಒಂದು ನಿಶ್ಚಿತ ಅರ್ಥವಿತ್ತು. ಮಿಶನ್ ಶಾಲೆಗೆ ಸೇರಬಯಸುವ ತರುಣನು ತನ್ನ ಆತ್ಮವೃತ್ತಾಂತವನ್ನು ಬರೆದುಕೊಡಬೇಕಾಗಿತ್ತು. ತಾನು ಹೇಗೆ ಎಚ್ಚತ್ತೆ, ದೇವರ ಕರೆ ಹೇಗೆ ಬಂತು ಎಂಬುದನ್ನು ಅದರಲ್ಲಿ ನಿರೂಪಿಸಬೇಕಾಗಿತ್ತು. ರೋಗ, ಸಾವಿನ ಭಯ, ಪಶ್ಚಾತ್ತಾಪ, ಶಾಂತಿ ಎಂಬ ಅನುಕ್ರಮ ಇಂಥ ಬರಹಗಳಲ್ಲಿ ಒಂದು ಸಿದ್ಧ ಚೌಕಟ್ಟಾಗಿತ್ತು. ಬೈಬಲ್ಲಿನ ಯೋಬನ ಹುಣ್ಣುಗಳು ಮತ್ತು ಪೌಲನ ದೇಹಬಾಧೆ ಈ ಚೌಕಟ್ಟಿಗೆ ಶಾಸ್ತ್ರಾಧಾರ ಒದಗಿಸಿದ್ದವು. ಆದ್ದರಿಂದ ಕನ್ನಡ ನಾಡಿನಲ್ಲಿ ಕಾಯಿಲೆ ಬಿದ್ದ ಮಿಶನರಿಯು ತನ್ನ ಬೇನೆಯನ್ನು ವರ್ಣಿಸುವಾಗ ಅವನ ಕೈಯಲ್ಲಿ ಆಗಲೇ ಒಂದು ಮಾದರಿ ಇತ್ತು. ಅವನ ಪತ್ರಗಳನ್ನು ಓದುವವರು ಇದನ್ನು ಮರೆಯಲಾಗದು.

ಆದರೆ ಮಾದರಿ ಇದ್ದ ಮಾತ್ರಕ್ಕೆ ಅನುಭವ ಸುಳ್ಳಾಗುವುದಿಲ್ಲ. ಇಲ್ಲಿ ವೈದ್ಯವಿಜ್ಞಾನದ ಇತಿಹಾಸವನ್ನು ನೆನಪಿಗೆ ತಂದುಕೊಳ್ಳಬೇಕು. ಸೊಳ್ಳೆಯ ಒಡಲಲ್ಲಿ ಮಲೇರಿಯಾ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಕ್ ಈಜಿಪ್ಟ್ ಮತ್ತು ಕಲ್ಕತ್ತೆಗಳಲ್ಲಿ ಗುರುತಿಸಿದ್ದು 1883-84ರಲ್ಲಿ. ಹೀಗಿರುವಾಗ 1851ರ ಗುಳೇದಗುಡ್ಡದಲ್ಲಿ ಚಳಿಜ್ವರ ಬಂದ ಜರ್ಮನನಿಗೂ ಆ ಜ್ವರ ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಅವನು ಕೆಟ್ಟ ಗಾಳಿಯನ್ನು ದೂರುತ್ತಿದ್ದ, ಊರಿನವನು ಗಾಳಿ ಸೋಕಿತೆಂದು ಹೇಳುತ್ತಿದ್ದ. ಮಿಶನರಿಯ ಪೆಟ್ಟಿಗೆಯಲ್ಲಿ ಕ್ವಿನೈನ್ ಇದ್ದಿತಾದರೂ ಅದು ಯಾಕೆ ಗುಣ ಮಾಡುತ್ತದೆಂಬುದು ಅವನಿಗೂ ತಿಳಿಯದು. ಹೋಟಗಿ-ಗದಗ ರೈಲುದಾರಿ ಬಾಗಲಕೋಟೆ, ಬಾದಾಮಿಗಳ ಮೂಲಕ ಹಾಯ್ದದ್ದು 1884ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಹಾಸಿಗೆ ಹಿಡಿದವನನ್ನು ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ಕುಲುಕಾಡಿಸುತ್ತ ಧಾರವಾಡಕ್ಕೆ ಸಾಗಿಸಬೇಕಾಗಿತ್ತು. ಸಮುದ್ರ ಇನ್ನೂ ದೂರ. ಕಾರಣವೂ ಗೊತ್ತಿಲ್ಲದೆ, ದಾರಿಯೂ ಹತ್ತಿರವಿಲ್ಲದೆ ಮಲಗಿದ ಮನುಷ್ಯನಿಗೆ ದೇವರ ಹೊರತು ಬೇರೆ ವಿವರಣೆ ಉಳಿದಿರಲಿಲ್ಲ. ಈ ಸ್ಥಿತಿಯಲ್ಲಿ ಅವನಿಗೂ ಪಕ್ಕದ ಓಣಿಯ ನೇಕಾರನಿಗೂ ಇದ್ದ ವ್ಯತ್ಯಾಸ ತೀರ ಕಡಿಮೆ.

3

ಮಿಶನರಿ ಚರಿತ್ರೆಯಲ್ಲಿ 1859-60ರ ಅವಧಿ ಈ ದೃಷ್ಟಿಯಿಂದ ಗಮನಾರ್ಹವಾದುದು. ಇಪ್ಪತ್ತೈದು ವರ್ಷ ದುಡಿದಿದ್ದ ಹೆಬಿಕ್ 1859ರಲ್ಲಿ ಆರೋಗ್ಯ ಕುಸಿದು ಯುರೋಪಿಗೆ ಮರಳಿದರು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಅದೇ ವರ್ಷ ಅದೇ ಕಾರಣಕ್ಕೆ ಹೊರಟರು. 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ, 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ಸಂಪಾದಿಸಿದ ಹರ್ಮನ್ ಮೋಗ್ಲಿಂಗ್ 1860ರಲ್ಲಿ ಪತ್ನಿಯ ಕಾಯಿಲೆಯ ಕಾರಣ ಭಾರತ ಬಿಟ್ಟರು. ಒಂದು ತಲೆಮಾರಿನ ಮೂವರು ಮುಂದಾಳುಗಳನ್ನು ಎರಡು ವರ್ಷಗಳಲ್ಲಿ ಈ ನೆಲದಿಂದ ಕಳಿಸಿದ್ದು ವಿರೋಧಿಗಳಲ್ಲ, ಕಾಯಿಲೆ.

ಮೋಗ್ಲಿಂಗರ ಪತ್ನಿ ಪೌಲೀನ್ ಬಾಕ್ಮೈಸ್ಟರ್ ಅವರ ಬಾಳನ್ನು ಇಲ್ಲಿ ನೆನೆಯಬೇಕು. ಕನ್ನಡ ಭಾಷೆ ಮತ್ತು ಸಾಹಿತ್ಯವನ್ನು ಕುರಿತು 1848ರಷ್ಟು ಹಿಂದೆಯೇ ಜರ್ಮನಿನಲ್ಲಿ ಲೇಖನ ಬರೆದ ಗಾಟ್‌ಫ್ರೀಡ್ ವೈಗಲ್ ಆಕೆಯ ಮೊದಲ ಪತಿ. ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ತೊಡಗಿದ್ದ ವೈಗಲ್ ನಲವತ್ತು ತುಂಬುವ ಮೊದಲೇ 1855ರಲ್ಲಿ ತೀರಿಕೊಂಡರು. ಪರದೇಶದಲ್ಲಿ ವಿಧವೆಯಾದ ಆಕೆ ಮುಂದೆ ಪತಿಯ ಗೆಳೆಯ ಮೋಗ್ಲಿಂಗರನ್ನು ಮದುವೆಯಾಗಿ ಕೊಡಗಿಗೆ ಹೋದರು. ಕೊನೆಗೆ ಆಕೆಯ ದೇಹವೇ ಸೋತಿತು. ವೈಗಲ್ಲರ ಲೇಖನಕ್ಕೂ ಮೋಗ್ಲಿಂಗರ ಸಂಪಾದನೆಗಳಿಗೂ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವಿದೆ. ಇಬ್ಬರ ಬಾಳಿನಲ್ಲೂ ಬೇನೆಯ ಭಾರ ಹೊತ್ತ ಹೆಣ್ಣಿಗೆ ಅಡಿಟಿಪ್ಪಣಿಯೂ ಇಲ್ಲ. ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಬಾಸೆಲ್ಲಿನ ಮಕ್ಕಳ ಮನೆಗೆ ಕಳಿಸುವ ಪದ್ಧತಿ 1850ರ ದಶಕದಿಂದ ರೂಢಿಯಾಯಿತು. ಹವೆಯಿಂದ ಮಕ್ಕಳನ್ನು ಉಳಿಸಿಕೊಳ್ಳಲು ಅವರನ್ನು ಅಗಲಲೇಬೇಕಾದ ತಾಯಂದಿರ ನಂಬಿಕೆಯ ಸ್ವರೂಪ ಏನಿದ್ದೀತು ಎಂಬ ಪ್ರಶ್ನೆಯನ್ನು ಕನ್ನಡ ಸಂಶೋಧನೆ ಇನ್ನೂ ಸಮರ್ಪಕವಾಗಿ ಕೇಳಿಕೊಂಡಿಲ್ಲ.

ಫರ್ಡಿನಾಂಡ್ ಕಿಟೆಲ್ಲರ ಬಾಳೂ ಇದೇ ಜಾಡಿನದು. 1853ರಲ್ಲಿ ಬಂದ ಅವರು ಮೊದಲ ಪತ್ನಿಯನ್ನು 1860ರ ದಶಕದಲ್ಲಿ ಕಳೆದುಕೊಂಡರು; 1877ರಲ್ಲಿ ಊರಿಗೆ ಮರಳಿದರು; 1883ರಲ್ಲಿ ನಿಘಂಟಿನ ಸಲುವಾಗಿ ಮತ್ತೆ ಬಂದರು; ದೇಹ ಕುಗ್ಗುತ್ತಿದ್ದರೂ ಸುಮಾರು 70,000 ಶಬ್ದಗಳ ಆ ಕೋಶವನ್ನು 1894ರಲ್ಲಿ ಹೊರತಂದರು. ಇತ್ತ ಮೋಗ್ಲಿಂಗರು ಜರ್ಮನಿಗೆ ಹಿಂದಿರುಗಿದ ಮೇಲೆ ಹರಿದಾಸರ ಪದಗಳನ್ನು ಜರ್ಮನಿಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನ್ಯರ ನಂಬಿಕೆಯನ್ನು ಬದಲಿಸಲೆಂದು ಬಂದ ವ್ಯಕ್ತಿ ಬೇನೆಯ ದೆಸೆಯಿಂದ ಮನೆಗೆ ಮರಳಿದ ಮೇಲೆ ಅದೇ ಅನ್ಯರ ಭಕ್ತಿಯ ಹಾಡುಗಳನ್ನು ತನ್ನವರಿಗೆ ಕೇಳಿಸಲು ಕುಳಿತದ್ದು ಸಣ್ಣ ಸಂಗತಿಯಲ್ಲ. ಇದನ್ನು ಮತಾಂತರವೆನ್ನುವುದು ತಪ್ಪಾಗುತ್ತದೆ. ಮೋಗ್ಲಿಂಗರು ಕೊನೆಯವರೆಗೂ ಕ್ರೈಸ್ತರೇ. ಆದರೆ ತಾವು ನಂಬಿಕೆಯನ್ನು ಹೊತ್ತು ತಂದವರು, ಇಲ್ಲಿನವರು ಅದನ್ನು ಸ್ವೀಕರಿಸಬೇಕಾದವರು ಎಂಬ ಮೊದಲಿನ ಭಂಗಿ ಈ ಕೆಲಸದಲ್ಲಿ ಉಳಿದಿಲ್ಲ.

4

ಬೇನೆಯ ಮೂಲಕ ನಂಬಿಕೆಗೆ ಬರುವ ಕಥಾವಸ್ತು ಮಿಶನರಿಗಳಿಂದ ಕನ್ನಡಕ್ಕೆ ಬಂದದ್ದಲ್ಲ. ಅದು ಇಲ್ಲಿ ಮೊದಲೇ ಇತ್ತು. ರಾಘವಾಂಕನು ಮನುಷ್ಯನಾದ ಹರಿಶ್ಚಂದ್ರನನ್ನು ಸ್ತುತಿಸಿದ್ದಕ್ಕೆ ಗುರು ಹರಿಹರನ ಪೆಟ್ಟು ತಿಂದು ಐದು ಹಲ್ಲುಗಳನ್ನು ಕಳೆದುಕೊಂಡನೆಂದೂ ಶಿವಭಕ್ತರ ಚರಿತೆಗಳನ್ನು ಬರೆದು ಅವನ್ನು ಮರಳಿ ಪಡೆದನೆಂದೂ ಐತಿಹ್ಯ ಹೇಳುತ್ತದೆ. ಇಲ್ಲಿ ದೇಹದ ಗಾಯವೇ ಕಾವ್ಯದ ದಿಕ್ಕನ್ನು ತಿರುಗಿಸುತ್ತದೆ. ಇಳಕಲ್ಲಿನಿಂದ ಪೂರ್ವಕ್ಕಿರುವ ಮಾನ್ವಿಯ ಜಗನ್ನಾಥದಾಸರ ಕಥೆ ಇನ್ನೂ ನೇರವಾದದ್ದು. ಸಂಸ್ಕೃತ ಪಾಂಡಿತ್ಯದ ಹಮ್ಮಿನಲ್ಲಿ ಕನ್ನಡದ ದಾಸರನ್ನು ಕಡೆಗಣಿಸಿದ್ದ ಶ್ರೀನಿವಾಸಾಚಾರ್ಯರು ಉದರಶೂಲೆಯಿಂದ ನರಳಿ, ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆ ಎರೆದ ಮೇಲೆ ಗುಣ ಹೊಂದಿ, ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ರಚಿಸಿದರೆಂಬುದು ದಾಸಪರಂಪರೆಯ ನಂಬಿಕೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನು ವೈದ್ಯವೃತ್ತಿಯ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಬಳಸಿದನು. ಬದುಕಿನ ಬಂಧನವನ್ನು 'ಭವರೋಗ'ವೆಂದೂ ದೈವವನ್ನು ಅದರ ವೈದ್ಯನೆಂದೂ ಕರೆಯುವುದು ವಚನ, ಕೀರ್ತನೆಗಳೆರಡಕ್ಕೂ ಸಾಮಾನ್ಯ.

ಪಾಪವನ್ನು ರೋಗವೆಂದೂ ಕ್ರಿಸ್ತನನ್ನು ವೈದ್ಯನೆಂದೂ ಬೋಧಿಸಿದ ಮಿಶನರಿ ಹೀಗೆ ಬರಿಯ ನೆಲದಲ್ಲಿ ಬಿತ್ತಲಿಲ್ಲ. 'ನಂಬಿಕೆ' ಎಂಬ ಕ್ರೈಸ್ತ ಕನ್ನಡದ ಮುಖ್ಯ ಶಬ್ದವೇ ಶರಣರ ಮತ್ತು ದಾಸರ ಬಾಯಲ್ಲಿ ಪಳಗಿದ್ದು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1831ರ ವೇಳೆಗೆ ಪೂರ್ತಿಗೊಳಿಸಿದ ಕನ್ನಡ ಬೈಬಲ್ಲಾಗಲಿ, ಮುಂದೆ ಬಾಸೆಲ್ಲಿನವರು ಕೈಗೊಂಡ ಪರಿಷ್ಕರಣವಾಗಲಿ ಈ ಶಬ್ದಸಂಪತ್ತಿನ ಋಣದಿಂದ ಹೊರತಲ್ಲ. ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಬಾಳನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದಾಗಲೂ ಕೇಳುಗನ ಕಿವಿಯಲ್ಲಿ ಹಳೆಯ ಭಕ್ತಿಗಾಯನದ ನೆನಪು ಇದ್ದೇ ಇತ್ತು. ಆದ್ದರಿಂದ ಗುಳೇದಗುಡ್ಡದ ನೇಕಾರನು ಬೇನೆಯ ನಂತರ ಹೊಸ ದೇವರ ಕಡೆ ತಿರುಗಿದಾಗ ಅವನು ಪರಕೀಯವಾದ ಒಂದು ತರ್ಕವನ್ನು ಎರವಲು ಪಡೆದನೆಂದು ತಿಳಿಯಬೇಕಿಲ್ಲ. ಬೇನೆಯಲ್ಲಿ ಬನಶಂಕರಿಗೆ ಹರಕೆ ಹೊತ್ತ, ದೀಡು ನಮಸ್ಕಾರ ಹಾಕಿದ, ಮಠದ ಭಸ್ಮವನ್ನು ಹಣೆಗಿಟ್ಟುಕೊಂಡ ಜನ ತಮಗೆ ಪರಿಚಿತವಾದ ತರ್ಕದಿಂದಲೇ ಹೊಸದನ್ನೂ ಪರೀಕ್ಷಿಸಿದರು. ಕೆಲವರು ಸೇರಿದರು, ಹೆಚ್ಚಿನವರು ಸೇರಲಿಲ್ಲ. ಔಷಧ ತೆಗೆದುಕೊಂಡು ಧರ್ಮವನ್ನು ಬಿಟ್ಟುಹೋದವರೇ ಬಹಳ ಎಂಬ ಅಂಶವನ್ನು ಆಮಿಷದ ವಾದ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

5

ಹಾಗೆಂದು ಆಮಿಷದ ವಾದವನ್ನು ಪೂರ್ಣ ತಳ್ಳಿಹಾಕುವುದೂ ಪ್ರಾಮಾಣಿಕತೆಯಲ್ಲ. 1876-78ರ ಬರಗಾಲ ಈ ಪ್ರದೇಶವನ್ನು ಹಿಂಡಿತು. ಅಂದು ಬಾದಾಮಿ, ಬಾಗಲಕೋಟೆ, ಹುನಗುಂದಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಕಾಳೇ ಇಲ್ಲದಾಗ ಬಟ್ಟೆ ಕೊಳ್ಳುವವರಿರಲಿಲ್ಲ. ಹೊಲವಿಲ್ಲದ ನೇಕಾರನಿಗೆ ಬರ ಎರಡು ಪಟ್ಟಾಗಿ ಬಡಿಯಿತು. ಹಸಿವಿನ ಬೆನ್ನಿಗೆ ಕಾಲರಾ, ಜ್ವರ. ಇಂಥ ಹೊತ್ತಿನಲ್ಲಿ ಗಂಜಿ, ಔಷಧ, ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ಕೈ ಮತಬೋಧನೆಯ ಕೈಯೂ ಆಗಿದ್ದಾಗ, ತೆಗೆದುಕೊಳ್ಳುವವನ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆ ನ್ಯಾಯವಾದುದೇ. ಅನಾಥ ಮಗುವಿಗೆ ಆಯ್ಕೆಯೆಂಬುದೇ ಇರಲಿಲ್ಲ. ಮಿಶನರಿ ವರದಿಗಳು ಯುರೋಪಿನ ದಾನಿಗಳಿಗಾಗಿ ಬರೆದವು. ಅವುಗಳಲ್ಲಿ ತಮ್ಮವರ ರೋಗ ದೇವರ ಶೋಧನೆಯಾಗಿಯೂ ಸ್ಥಳೀಯರ ರೋಗ ಮೂಢನಂಬಿಕೆಯ ಫಲವಾಗಿಯೂ ಕಾಣಿಸಿಕೊಳ್ಳುವ ಪ್ರವೃತ್ತಿ ಇದ್ದೇ ಇದೆ. ಎರಡು ಅಳತೆಗೋಲುಗಳ ಬಳಕೆಯನ್ನು ಮೊದಲು ಆರಂಭಿಸಿದವರು ಮಿಶನರಿಗಳೇ ಎಂಬುದನ್ನು ಒಪ್ಪಬೇಕು. ಅವರ ಟೀಕಾಕಾರರು ಅದೇ ಜೋಡಿ ಕೋಲನ್ನು ತಿರುಗಿಸಿ ಹಿಡಿದದ್ದು ವಿಪರ್ಯಾಸ.

ಆದರೆ ಆಮಿಷದ ವಾದ ಉತ್ತರಿಸಲಾಗದ ಒಂದು ಘಟ್ಟವಿದೆ. ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಬಾಸೆಲ್ ಮಿಶನ್ನಿನ ಜರ್ಮನ್ ಪ್ರಜೆಗಳನ್ನು ಬ್ರಿಟಿಷ್ ಸರ್ಕಾರ ಅಹಮದನಗರದ ಶಿಬಿರದಲ್ಲಿಟ್ಟು ಬಳಿಕ ಸ್ವದೇಶಕ್ಕೆ ಕಳಿಸಿತು. ಮಿಶನ್ನಿನ ಹಂಚು ಮತ್ತು ನೇಯ್ಗೆಯ ಉದ್ಯಮಗಳು ಕೈತಪ್ಪಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಕೊಡುವ ಕೈ ಹೀಗೆ ಮೊಟಕಾಗಿದ್ದ ವೇಳೆಯಲ್ಲೇ 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಕೋಟಿಗೂ ಮೀರಿದ ಜನರನ್ನು ಬಲಿ ತೆಗೆದುಕೊಂಡಿತು. ನಂಬಿಕೆ ಕೇವಲ ಔಷಧದ ಬೆಲೆಯಾಗಿದ್ದಿದ್ದರೆ ಔಷಧ ಕೊಡುವವನು ಹೋದಾಗ ಅದೂ ಹೋಗಬೇಕಾಗಿತ್ತು. ಹೋಗಲಿಲ್ಲ. ಉತ್ತರ ಕರ್ನಾಟಕದ ಸಭೆಗಳು ಉಳಿದವು. ದೇಶೀಯ ಬೋಧಕರು ಅವನ್ನು ನಡೆಸಿದರು. ಮುಂದೆ ಅವು ದಕ್ಷಿಣ ಭಾರತ ಸಭೆಯ ಭಾಗವಾದವು. ಗುಳೇದಗುಡ್ಡದಲ್ಲೂ ಬಾಗಲಕೋಟೆಯಲ್ಲೂ ಇಂದು ಆರಾಧಿಸುವ ಕ್ರೈಸ್ತ ಕುಟುಂಬಗಳ ಕನ್ನಡ ಆ ಸೀಮೆಯ ಕನ್ನಡವೇ. ಅವರ ನಾಲ್ಕೈದು ತಲೆಮಾರುಗಳ ನಿಷ್ಠೆಯನ್ನು ಮೊದಲ ಪೂರ್ವಜನು ಸ್ವೀಕರಿಸಿದ ಒಂದು ಮಾತ್ರೆಗೆ ಇಳಿಸುವುದು ವಿಶ್ಲೇಷಣೆಯಲ್ಲ, ಅವಮಾನ.

6

ಈ ಚರ್ಚೆ ಕೇವಲ ಹತ್ತೊಂಬತ್ತನೆಯ ಶತಮಾನದ್ದಲ್ಲ. 2022ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು 'ಆಮಿಷ'ದ ವ್ಯಾಖ್ಯೆಯಲ್ಲಿ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣಗಳ ಜೊತೆಗೆ ಉತ್ತಮ ಜೀವನಶೈಲಿಯ ಭರವಸೆಯನ್ನೂ ದೈವದ ಅವಕೃಪೆಯ ಮಾತನ್ನೂ ಸೇರಿಸಿತು. 2023ರ ಜೂನ್ ತಿಂಗಳಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಕೈಗೊಂಡಿತು. ಕಾಯ್ದೆಯ ಸರಿತಪ್ಪುಗಳು ನ್ಯಾಯಶಾಸ್ತ್ರದ ವಿಷಯ. ಆದರೆ ಆ ವ್ಯಾಖ್ಯೆ ಭಾಷೆಯ ಮತ್ತು ಸಾಹಿತ್ಯದ ವಿದ್ಯಾರ್ಥಿಗಳಿಗೂ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ದೈವದ ಅವಕೃಪೆಯ ಭಯ ಮತ್ತು ಕೃಪೆಯ ಭರವಸೆ ಆಮಿಷವೆನ್ನುವುದಾದರೆ ಕನ್ನಡದ ಭಕ್ತಿಸಾಹಿತ್ಯದ ಎಷ್ಟು ಭಾಗ ಆಮಿಷದ ಹೊರಗೆ ಉಳಿದೀತು? ಜಗನ್ನಾಥದಾಸರ ಹೊಟ್ಟೆಶೂಲೆಯನ್ನು ಏನೆಂದು ಕರೆಯಬೇಕು?

ಇಳಕಲ್ಲಿನ ಒಂದು ಸಮೀಪದ ನಿದರ್ಶನ ಇಲ್ಲಿ ಸಹಾಯಕ್ಕೆ ಬರುತ್ತದೆ. ಚಿತ್ತರಗಿ-ಇಳಕಲ್ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು (ನಿಧನ 2018) 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಮನೆಮನೆಗೆ ಜೋಳಿಗೆ ಹಿಡಿದು ಹೋಗಿ ಕಾಳುಕಡಿಯ ಬದಲು ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಗೌರವಿಸಿತು. ಕುಡಿತದಿಂದ ಕೆಟ್ಟ ದೇಹ ಜೋಳಿಗೆಯ ಮುಂದೆ ನಿಂತು ಚೇತರಿಸಿಕೊಂಡು, ಆ ಚೇತರಿಕೆಯಿಂದಲೇ ಮಠದ ಮೇಲೆ ಭಕ್ತಿ ತಳೆದರೆ ಅದನ್ನು ಯಾರೂ ಆಮಿಷವೆನ್ನುವುದಿಲ್ಲ, ಅನ್ನಬಾರದು. ಬೇನೆಯಿಂದ ಬಿಡುಗಡೆ ಮತ್ತು ನಂಬಿಕೆಯ ಹುಟ್ಟು ಇಲ್ಲಿ ಒಂದೇ ಘಟನೆಯ ಎರಡು ಮುಖಗಳೆಂದು ಸಹಜವಾಗಿ ಗ್ರಹಿಸಲಾಗುತ್ತದೆ. ಇದೇ ಸಹಜ ಗ್ರಹಿಕೆ ಅದೇ ಸೀಮೆಯ ನೇಕಾರ ಕ್ರೈಸ್ತನಿಗೂ ಸಲ್ಲಬೇಕು.

ಒಂದೇ ಅಳತೆಗೋಲು ಎಂದರೆ ಎಲ್ಲವನ್ನೂ ಪ್ರಶ್ನಿಸದೆ ಒಪ್ಪುವುದಲ್ಲ. ರೋಗಿಯ ದೌರ್ಬಲ್ಯವನ್ನು ಹಣಕ್ಕೆ, ಹೆಸರಿಗೆ, ಸಂಖ್ಯಾಬಲಕ್ಕೆ ಬಳಸಿಕೊಳ್ಳುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಪವಾಡದ ಹೆಸರಿನಲ್ಲಿ ಚಿಕಿತ್ಸೆಯನ್ನು ತಪ್ಪಿಸುವವರು ಅಪರಾಧಿಗಳು. ಉತ್ತರ ಕರ್ನಾಟಕದ ಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಹರಕೆಯಿಂದಲೂ ಹೋಗಲಿಲ್ಲ, ಪ್ರಾರ್ಥನೆಯಿಂದಲೂ ಹೋಗಲಿಲ್ಲ. ಇಳಿದು ತುಂಬುವ ಮೆಟ್ಟಿಲುಬಾವಿಗಳನ್ನು ಬದಲಿಸಿ, ನೀರನ್ನು ಸೋಸಿ ಕುಡಿಯಲು ಕಲಿಸಿದ ಸಾರ್ವಜನಿಕ ಆರೋಗ್ಯದ ದುಡಿಮೆಯಿಂದ ಹೋಯಿತು. ಭಾರತ ಆ ರೋಗದಿಂದ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು. ಗುಣವಾದದ್ದು ಯಾವುದರಿಂದ ಎಂಬ ಪ್ರಶ್ನೆಗೆ ವೈದ್ಯವೇ ಉತ್ತರ ಕೊಡಬೇಕು. ನರಳುವಾಗ ಮನುಷ್ಯ ಏನನ್ನು ಹಿಡಿದುಕೊಂಡ ಎಂಬುದು ಬೇರೆ ಪ್ರಶ್ನೆ. ಎರಡನ್ನೂ ಬೆರೆಸಿದಾಗಲೇ ಒಂದು ಕಡೆ ಪವಾಡದ ವ್ಯಾಪಾರವೂ ಇನ್ನೊಂದು ಕಡೆ ನಂಬಿಕೆಯ ಅವಹೇಳನವೂ ಹುಟ್ಟುತ್ತವೆ.

ರೋಗ ಎಲ್ಲರನ್ನೂ ನಂಬಿಕೆಗೆ ಒಯ್ಯುತ್ತದೆ ಎಂಬುದೂ ನಿಜವಲ್ಲ. ಮಿಶನ್ನಿನ ಪತ್ರಾಗಾರದಲ್ಲಿ ಶಾಂತಿಯಿಂದ ಕಣ್ಮುಚ್ಚಿದವರ ವರ್ಣನೆಗಳು ಹೆಚ್ಚು ಉಳಿದಿದ್ದರೆ ಅದಕ್ಕೆ ಕಾರಣ ಅಂಥವೇ ಅಚ್ಚಿಗೆ ಯೋಗ್ಯವೆನಿಸಿದ್ದು. ಸಂಶಯದಲ್ಲಿ ಸತ್ತವನು, ಸಿಟ್ಟಿನಿಂದ ಕೆಲಸ ಬಿಟ್ಟವನು, ಮಗುವನ್ನು ಹೂಳಿ ಮತ್ತೆಂದೂ ಹಾಡದ ತಾಯಿ ಅಚ್ಚಿನ ಪುಟಗಳಲ್ಲಿ ಸಿಗುವುದಿಲ್ಲ. ಹಾಗೆಯೇ ದಾಸಪರಂಪರೆಯ ಚರಿತೆಗಳಲ್ಲಿ ಶೂಲೆ ವಾಸಿಯಾಗದ ಪಂಡಿತನ ಕಥೆ ಸಿಗುವುದಿಲ್ಲ. ಎರಡೂ ಪರಂಪರೆಗಳು ಗೆದ್ದ ಬೇನೆಯನ್ನೇ ನೆನಪಿಟ್ಟುಕೊಂಡಿವೆ.

7

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನ ವಿಭಾಗಗಳ ಮುಂದೆ ಮೂರು ಕೆಲಸಗಳಿವೆ. ಮೊದಲನೆಯದು, ಬಾಸೆಲ್ಲಿನ ಪತ್ರಾಗಾರದಲ್ಲಿರುವ ಜರ್ಮನ್ ಹಸ್ತಪ್ರತಿಗಳ ಪೈಕಿ ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿ, ಧಾರವಾಡ ನೆಲೆಗಳಿಗೆ ಸೇರಿದವನ್ನು ಅಚ್ಚಾದ ವಾರ್ಷಿಕ ವರದಿಗಳೊಡನೆ ಹೋಲಿಸಿ ಓದುವುದು. ಅಚ್ಚಾಗುವಾಗ ಕಳೆದುಹೋದ ಸಂಶಯದ ಸಾಲುಗಳನ್ನು ಹುಡುಕಲು ಇದು ನೇರ ದಾರಿ; ಇದಕ್ಕೆ ಹಳೆಯ ಜರ್ಮನ್ ಲಿಪಿಯನ್ನು ಬಲ್ಲ ಕನ್ನಡ ವಿದ್ಯಾರ್ಥಿಗಳನ್ನು ತಯಾರುಮಾಡಬೇಕಾಗುತ್ತದೆ. ಎರಡನೆಯದು, ಸ್ಥಳೀಯ ಸಭೆಗಳ ದೀಕ್ಷಾಸ್ನಾನ ಮತ್ತು ಮರಣದ ದಾಖಲೆಗಳನ್ನೂ ಗೋರಿಗಲ್ಲುಗಳ ಬರಹಗಳನ್ನೂ ಶಾಸನಗಳಿಗೆ ಕೊಡುವಷ್ಟೇ ಶ್ರದ್ಧೆಯಿಂದ ಸಂಗ್ರಹಿಸುವುದು. ಬಾದಾಮಿಯ ಶಾಸನಗಳನ್ನು ಅಕ್ಷರಕ್ಷರವಾಗಿ ಓದಿದ ವಿದ್ವತ್ತಿಗೆ ಪಕ್ಕದ ಊರಿನ ನೂರೈವತ್ತು ವರ್ಷದ ಗೋರಿಗಲ್ಲು ಅನ್ಯವೆನಿಸಬಾರದು. ಮೂರನೆಯದು, ನೇಕಾರ ಕುಟುಂಬಗಳ ಹಿರಿಯರಿಂದ, ಅವರು ಯಾವ ಧರ್ಮದವರಾದರೂ, ಬರ, ಕಾಲರಾ, ಪ್ಲೇಗುಗಳನ್ನು ಕುರಿತು ಮನೆತನದಲ್ಲಿ ಇಳಿದುಬಂದ ಮಾತುಗಳನ್ನು ದಾಖಲಿಸುವುದು. ಆ ಮಾತುಗಳು ಕೊನೆಯ ತಲೆಮಾರಿನ ನಾಲಗೆಯ ಮೇಲಿವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಹಲವು ಓಣಿಗಳೇ ಚದುರಿಹೋಗಿರುವಾಗ ನೆನಪುಗಳು ತಾವಾಗಿ ಉಳಿಯುತ್ತವೆಂದು ಭಾವಿಸುವಂತಿಲ್ಲ.

ಈ ಮೂರೂ ಕೆಲಸಗಳಲ್ಲಿ ತಾತ್ವಿಕವಾದ ಶಿಸ್ತು ಒಂದೇ. ಜರ್ಮನಿಯಿಂದ ಬಂದವನ ಜ್ವರವನ್ನು ಓದುವ ಸಹಾನುಭೂತಿಯಿಂದ ಇಲ್ಲಿನ ನೇಕಾರನ ಜ್ವರವನ್ನು ಓದಬೇಕು. ನೇಕಾರನ ಮತಾಂತರವನ್ನು ಕುರಿತು ಎತ್ತುವ ಸಂಶಯವನ್ನು ಮಿಶನರಿಯ ಆತ್ಮವೃತ್ತಾಂತದ ಬಗೆಗೂ ಎತ್ತಬೇಕು. ಇವೆರಡನ್ನೂ ದಾಸರ, ಶರಣರ ಚರಿತೆಗಳಿಗೆ ಅನ್ವಯಿಸಬೇಕು. ಹಾಗೆ ಓದಿದಾಗ ಯಾರ ನಂಬಿಕೆ ಗೆದ್ದಿತು ಎಂಬ ಪ್ರಶ್ನೆ ಹಿಂದೆ ಸರಿದು, ಕಾರಣ ತಿಳಿಯದ ನೋವಿನ ಮುಂದೆ ಈ ನೆಲದಲ್ಲಿ ಮನುಷ್ಯರು ಹೇಗೆ ಬಾಳಿದರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗುಳೇದಗುಡ್ಡದ ಒಂದು ಓಣಿಯಲ್ಲಿ ಚಳಿಜ್ವರದಿಂದ ನಡುಗುತ್ತ ಮಲಗಿದ್ದ ಪರದೇಶಿ ಬೋಧಕನೂ ಅದೇ ರಾತ್ರಿ ಮಗ್ಗದ ಕುಣಿಯ ಪಕ್ಕದಲ್ಲಿ ನಡುಗುತ್ತಿದ್ದ ನೇಕಾರನೂ ತಮ್ಮ ತಮ್ಮ ಭಾಷೆಯಲ್ಲಿ ಕರೆದದ್ದು ಯಾರನ್ನೆಂದು ನಿರ್ಣಯಿಸುವ ಅಧಿಕಾರ ಸಂಶೋಧನೆಗಿಲ್ಲ. ಇಬ್ಬರ ಕರೆಯೂ ದಾಖಲೆಗೆ ಸಮನಾಗಿ ಅರ್ಹವೆಂದು ಒಪ್ಪುವ ಹೊಣೆ ಮಾತ್ರ ಅದಕ್ಕಿದೆ.